ಸೋಲ್ ಅಂದರೆ ಮೆಲ್ಲಗೆ ಹಾಡೋದಲ್ಲ

ಮತ್ತೊಂದು ರೀಲ್ ಬಂತು. ಹುಡುಗನೊಬ್ಬ ಕಣ್ಣು ಮುಚ್ಚಿ, ಗಿಟಾರ್ ಹಿಡಿದು ನಿಧಾನವಾಗಿ ಹಾಡುತ್ತಿದ್ದಾನೆ. ಕೆಳಗೆ ‘ಸೋಲ್ ಮ್ಯೂಸಿಕ್’ ಅಂತ ಬರೆದಿದೆ. ಹಾಡು ಚೆನ್ನಾಗಿಯೇ ಇತ್ತು, ಆದರೆ ಸೋಲ್ ಅಲ್ಲ. ಮನಸ್ಸಿಗೆ ತಟ್ಟಿದ್ದಕ್ಕೆಲ್ಲ ಸುಮ್ನೆ ಈ ಹೆಸರು ಅಂಟಿಸೋದು ಈಚೆಗೆ ಜಾಸ್ತಿಯಾಗಿದೆ. ಭಾವ ಇರುವ ಹಾಡೆಲ್ಲ ಭಾವಗೀತೆ ಆಗೋದಿಲ್ಲ ಅಲ್ವಾ? ಇದೂ ಹಾಗೇ.

ಸೋಲ್ ಅಮೆರಿಕದ ಕಪ್ಪು ಜನರ ಸಂಗೀತ. ಅವರ ಚರ್ಚಿನ ಗಾಸ್ಪೆಲ್ ಹಾಡಿಕೆ ಅದರ ತಾಯಿಬೇರು. 1954ರಲ್ಲಿ ಗಾಯಕ ರೇ ಚಾರ್ಲ್ಸ್ ಒಂದು ಗಾಸ್ಪೆಲ್ ಹಾಡಿನ ಧಾಟಿ ಹಿಡಿದು, ದೇವರಿದ್ದ ಜಾಗದಲ್ಲಿ ಪ್ರೀತಿಸಿದ ಹೆಣ್ಣನ್ನು ತಂದು ಹಾಡಿದರು. ‘ಸೋಲ್’ ಪದಕ್ಕೆ ನಿಘಂಟು ತೆಗೆದರೆ ‘ಆತ್ಮ’ ಅಂತಲೇ ಇರುತ್ತದೆ, ನಮ್ಮವರು ಎಡವೋದೂ ಅಲ್ಲೇ. 1960ರ ದಶಕದಲ್ಲಿ ಅಲ್ಲಿನ ಕಪ್ಪು ಜನರ ಬಾಯಲ್ಲಿ ಅದು ‘ನಮ್ಮದು, ನಮ್ಮವರು’ ಅನ್ನೋ ಮಾತಾಗಿತ್ತು. ಮನೆ ಅಡುಗೆ ಸೋಲ್ ಫುಡ್, ತಮ್ಮವನೊಬ್ಬ ಸೋಲ್ ಬ್ರದರ್. 1967ರಲ್ಲಿ ಡೆಟ್ರಾಯ್ಟ್ ನಗರ ಗಲಭೆಯಲ್ಲಿ ಹೊತ್ತಿ ಉರಿಯುವಾಗ ಕಪ್ಪು ಅಂಗಡಿಯವರು ಕಿಟಕಿ ಗಾಜಿನ ಮೇಲೆ ‘ಸೋಲ್ ಬ್ರದರ್’ ಅಂತ ದೊಡ್ಡದಾಗಿ ಬರೆದರು. ಇದು ನಿಮ್ಮವರದೇ ಅಂಗಡಿ, ಮುಟ್ಟಬೇಡಿ ಅಂತ. ಬೆಂಕಿಯ ನಡುವೆ ಅಂಗಡಿ ಉಳಿಸಿಕೊಳ್ಳೋಕೆ ಬರೆದ ಪದ ಅದು. ಅದಕ್ಕೆ ‘ಮಧುರ’ ಅನ್ನೋ ಅರ್ಥ ಹೇಗೆ ಸಾಕಾಗುತ್ತದೆ? ಎರಡು ವರ್ಷ ಕಳೆದ ಮೇಲೆ ಬಿಲ್‌ಬೋರ್ಡ್ ಅನ್ನೋ ಅಮೆರಿಕದ ಸಂಗೀತ ಪತ್ರಿಕೆ ಕೂಡ ಕಪ್ಪು ಜನರ ಹಾಡುಗಳ ತನ್ನ ‘ರಿದಮ್ ಆ್ಯಂಡ್ ಬ್ಲೂಸ್’ ಪಟ್ಟಿಯ ಹೆಸರನ್ನು ಸೋಲ್ ಅಂತ ಬದಲಿಸಿತು.

ಇದನ್ನು ಕಣ್ಣಾರೆ ನೋಡಬೇಕಿದ್ದರೆ ಡಾಲಸ್‌ನ ಗಾಯಕಿ ಎರಿಕಾ ಬಾಡೂ ಅವರ ವಿಡಿಯೋಗಳಿವೆ. ಹೊಸಬರು ‘ಹನಿ’ (Honey) ಹಾಡಿನಿಂದ ಶುರು ಮಾಡಿ. ರೆಕಾರ್ಡ್ ಅಂಗಡಿಯಲ್ಲಿ ಗಿರಾಕಿ ಹಳೆಯ ಎಲ್‌ಪಿಗಳನ್ನು ಒಂದೊಂದಾಗಿ ಸರಿಸುತ್ತಾ ಹೋದಂತೆ ಕವರ್‌ಗಳಿಗೆ ಜೀವ ಬರುತ್ತದೆ, ಒಳಗೆ ಬಾಡೂ. ಫಂಕಡೆಲಿಕ್ ಬ್ಯಾಂಡಿನ 1971ರ ಕವರ್‌ನಲ್ಲಿ ಮಣ್ಣಿನಿಂದ ಬರೀ ತಲೆ ಹೊರಗೆ ಬಂದು ಬಾಯಿ ಅಗಲಿಸಿ ಕಿರುಚುತ್ತದೆಯಲ್ಲ, ಅದೂ ಇದೆ. ತನ್ನ ಹಿಂದಿನವರ ಮುಖವನ್ನು ತಾನೇ ತೊಟ್ಟು ನೋಡುವ ಈ ಪ್ರೀತಿ ನನಗೆ ಬಲು ಇಷ್ಟ.

ಆಮೇಲೆ 1997ರ ‘ನೆಕ್ಸ್ಟ್ ಲೈಫ್‌ಟೈಮ್’. ಈಗಾಗಲೇ ಒಬ್ಬರ ಜೊತೆಗಿರುವ ಹೆಣ್ಣು ಇನ್ನೊಬ್ಬನಿಗೆ ‘ಮುಂದಿನ ಜನ್ಮದಲ್ಲಿ ನೋಡೋಣ’ ಅನ್ನುತ್ತಾಳೆ. ಬರೀ ಕೇಳಿದರೆ ಪ್ರೇಮದ ಹಾಡು. ವಿಡಿಯೋದಲ್ಲಿ ಆ ಜನ್ಮಗಳು 1637ರ ಆಫ್ರಿಕಾದಲ್ಲಿ, 1968ರ ಚಳವಳಿಯ ಅಮೆರಿಕದಲ್ಲಿ, ಕೊನೆಗೆ 3037ರಲ್ಲಿ ಮತ್ತೆ ಆಫ್ರಿಕಾದಲ್ಲಿ. ಇಬ್ಬರ ಕಥೆ ಇಡೀ ಜನರ ಕಥೆಯಾಗುತ್ತದೆ.

‘ವಿಂಡೋ ಸೀಟ್’ ಕೊನೆಗಿಡಿ. 2010ರ ಮಾರ್ಚ್‌ನಲ್ಲಿ ಅನುಮತಿ ಇಲ್ಲದೆ, ಒಂದೇ ಟೇಕ್‌ನಲ್ಲಿ, ಅಮೆರಿಕದ ಅಧ್ಯಕ್ಷ ಕೆನಡಿಗೆ ಗುಂಡು ಬಿದ್ದ ಡಾಲಸ್ಸಿನ ಡೀಲಿ ಪ್ಲಾಜಾದಲ್ಲೇ ತೆಗೆದದ್ದು. ಬಾಡೂ ನಡೆಯುತ್ತಾ ಒಂದೊಂದೇ ಬಟ್ಟೆ ಕಳಚುತ್ತಾ ಹೋಗುತ್ತಾರೆ. ಸುತ್ತ ಇರೋರು ನಟರಲ್ಲ, ಆ ಹೊತ್ತಿಗೆ ಅಲ್ಲಿದ್ದ ಜನ. ಗುಂಡಿನ ಸದ್ದು ಕೇಳುತ್ತದೆ, ಅವರು ಬೀಳುತ್ತಾರೆ. ತಲೆಯಿಂದ ಹರಿಯುವ ನೀಲಿ ರಕ್ತ ‘ಗ್ರೂಪ್‌ಥಿಂಕ್’ ಅನ್ನೋ ಅಕ್ಷರಗಳಾಗುತ್ತದೆ, ಅಂದರೆ ಗುಂಪು ಯೋಚಿಸಿದಂತೆಯೇ ಯೋಚಿಸೋದು. ಹಾಡು ಮಾತ್ರ ಕೊನೆತನಕ ಮೆಲ್ಲಗೇ ಇರುತ್ತದೆ.