ಎತ್ತರ, ಗದ್ದಲ ಮತ್ತು ತವರು ನೆಲ

ಕ್ಲಬ್ ಫುಟ್‌ಬಾಲ್‌ನಲ್ಲಿ ತವರು ತಂಡದವರು ಮನೆಯಲ್ಲೇ ಮಲಗೆದ್ದು ಮೈದಾನಕ್ಕೆ ಬರುತ್ತಾರೆ. ರಾಷ್ಟ್ರೀಯ ತಂಡಗಳಲ್ಲಿ ಹಾಗಿಲ್ಲ. ಅರ್ಜೆಂಟೀನಾ ತನ್ನ ನೆಲದಲ್ಲಿ ಆಡುವಾಗಲೂ ಅದರ ಬಹುಪಾಲು ಆಟಗಾರರು ಕೆಲವೇ ದಿನಗಳ ಹಿಂದೆ ಯುರೋಪಿನಿಂದ ಹಾರಿ ಬಂದಿರುತ್ತಾರೆ. ಪ್ರಯಾಣದ ದಣಿವು ಎರಡೂ ಕಡೆಗಿದೆ, ರೆಫರಿ ಮೂರನೇ ದೇಶದವರು. ಆದರೂ ಗೆಲುವು ಆತಿಥೇಯರ ಕಡೆಗೇ ವಾಲುತ್ತದೆ.

ಕಾರಣ ಅತ್ಯಂತ ಢಾಳಾಗಿ ಕಾಣುವುದು ದಕ್ಷಿಣ ಅಮೆರಿಕದಲ್ಲಿ. ಅಲ್ಲಿ ನೂರು ವರ್ಷಗಳಲ್ಲಿ ನಡೆದ 1,460 ಅಂತರರಾಷ್ಟ್ರೀಯ ಪಂದ್ಯಗಳ ವಿಶ್ಲೇಷಣೆ 2007ರಲ್ಲಿ ಪ್ರಕಟವಾಯಿತು. ಒಂದೇ ಎತ್ತರದ ಎರಡು ತಂಡಗಳಾದರೆ ಆತಿಥೇಯರು ಗೆಲ್ಲುವ ಸಾಧ್ಯತೆ ಸುಮಾರು 54%. ಬೊಲಿವಿಯಾದ ಲಾ ಪಾಸ್‌ಗೆ ಸಮುದ್ರಮಟ್ಟದ ತಂಡ ಬಂದರೆ ಅದು 82% ದಾಟುತ್ತದೆ. ಪ್ರತಿ 1,000 ಮೀಟರ್ ವ್ಯತ್ಯಾಸಕ್ಕೆ ಗೋಲು ಅಂತರದಲ್ಲಿ ಸರಿಸುಮಾರು ಅರ್ಧ ಗೋಲು ಲಾಭ.

ಲಾ ಪಾಸ್‌ನ ಮೈದಾನ 3,600 ಮೀಟರ್ ಎತ್ತರದಲ್ಲಿದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲೂ 21 ಶೇಕಡಾವೇ. ಆದರೆ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕೆ ಇಳಿದಿರುವುದರಿಂದ ಉಸಿರಿಗೆ ದಕ್ಕುವುದು ಕಡಿಮೆ. ಮೊದಲ ಓಟಕ್ಕೆ ತೊಂದರೆಯಿಲ್ಲ. ಒಂದು ಓಟದಿಂದ ಚೇತರಿಸಿಕೊಂಡು ಮತ್ತೊಂದಕ್ಕೆ ಸಿದ್ಧವಾಗಲು ಆಮ್ಲಜನಕ ಬೇಕು, ಎಡವಟ್ಟಾಗುವುದು ಅಲ್ಲೇ. ಆರಂಭದಲ್ಲೇ ಎದುರಾಳಿಯ ಮೇಲೆ ಮುಗಿಬೀಳುವ ತಂಡ ದ್ವಿತೀಯಾರ್ಧಕ್ಕೆ ಕಾಲೆಳೆಯುತ್ತದೆ. ಚೆಂಡೂ ಮೋಸ ಮಾಡುತ್ತದೆ: ತೆಳುಗಾಳಿ ಅದನ್ನು ತಡೆಯುವುದೂ ಕಡಿಮೆ, ಬಾಗಿಸುವುದೂ ಕಡಿಮೆ. ಬಾಗಬೇಕಾದ ಕ್ರಾಸ್ (ಮೈದಾನದ ಅಂಚಿನಿಂದ ಗೋಲಿನ ಮುಂದಕ್ಕೆ ಕಳಿಸುವ ಚೆಂಡು) ನೇರವಾಗಿ ಹೋಗುತ್ತದೆ, ದೂರದ ಹೊಡೆತ ಗೋಲ್‌ಕೀಪರ್ ಎಣಿಸಿದ್ದಕ್ಕಿಂತ ಬೇಗ ಬಂದು ಮುಟ್ಟುತ್ತದೆ.

ದೇಹ ಒಗ್ಗಿಕೊಳ್ಳಲು ವಾರಗಳೇ ಬೇಕು. ಅರ್ಹತಾ ಪಂದ್ಯಗಳಿಗೆ ರಾಷ್ಟ್ರೀಯ ತಂಡಕ್ಕೆ ಆಟಗಾರರು ಸಿಗುವುದು ಸಾಮಾನ್ಯವಾಗಿ ಹತ್ತು ದಿನದಷ್ಟೇ. ಅದಕ್ಕೇ ಹಲವು ತಂಡಗಳು ಪಂದ್ಯಕ್ಕೆ ಕೆಲವೇ ಗಂಟೆ ಮೊದಲು ಬಂದಿಳಿಯುತ್ತವೆ. ಇದರಿಂದ ಮೊದಲ ರಾತ್ರಿಗಳ ತಲೆನೋವು, ನಿದ್ರೆಗೇಡು ತಪ್ಪುತ್ತದೆಯೇ ಹೊರತು ಆಮ್ಲಜನಕದ ಕೊರತೆ ತುಂಬುವುದಿಲ್ಲ. ಫಿಫಾ 2007ರಲ್ಲಿ 2,500 ಮೀಟರ್‌ಗಿಂತ ಮೇಲಿನ ಪಂದ್ಯಗಳನ್ನು ನಿಷೇಧಿಸಿ, ಮರುವರ್ಷ ಕೈಬಿಟ್ಟಿತು. 2024ರಲ್ಲಿ ಬೊಲಿವಿಯಾ ತನ್ನ ತವರು ಪಂದ್ಯಗಳನ್ನು ಇನ್ನೂ ಮೇಲಕ್ಕೆ, 4,000 ಮೀಟರ್ ದಾಟಿದ ಎಲ್ ಆಲ್ಟೊಗೆ ಒಯ್ದಿತು.

ಎತ್ತರವಿಲ್ಲದ ಕಡೆ ಕೆಲಸ ಮಾಡುವುದು ಪ್ರೇಕ್ಷಕರ ಗದ್ದಲ. ಅದು ಆಟಗಾರನನ್ನು ಹುರಿದುಂಬಿಸುತ್ತದೆ ಎನ್ನುವುದು ವಾಡಿಕೆಯ ಮಾತು. ನನ್ನ ಮಟ್ಟಿಗೆ, ರೆಫರಿಯ ಕಿವಿಯ ಮೇಲಿನ ಪರಿಣಾಮಕ್ಕೆ ಹೆಚ್ಚು ಗಟ್ಟಿ ಪುರಾವೆಯಿದೆ. ಇಂಗ್ಲೆಂಡಿನ ಪ್ರಯೋಗವೊಂದರಲ್ಲಿ 40 ರೆಫರಿಗಳು ಒಂದೇ ಪಂದ್ಯದ ದೃಶ್ಯಗಳನ್ನು ನೋಡಿದರು, ಕೆಲವರು ಸದ್ದಿನೊಂದಿಗೆ, ಕೆಲವರು ಸದ್ದಿಲ್ಲದೆ. ಸದ್ದು ಕೇಳಿದವರು ತವರು ತಂಡದ ವಿರುದ್ಧ 15.5% ಕಡಿಮೆ ಫೌಲ್ ಕೊಟ್ಟರು. 2020ರಲ್ಲಿ ಕೋವಿಡ್‌ನಿಂದ ಯುರೋಪಿನ ಕ್ರೀಡಾಂಗಣಗಳು ಖಾಲಿಯಾದಾಗ ಪ್ರವಾಸಿ ತಂಡಗಳಿಗೆ ಬೀಳುತ್ತಿದ್ದ ಹೆಚ್ಚುವರಿ ಹಳದಿ ಕಾರ್ಡ್‌ಗಳೂ ಕರಗಿದವು. ತಟಸ್ಥ ದೇಶದ ರೆಫರಿಯನ್ನು ತಂದರೆ ದೇಶಾಭಿಮಾನದ ಪಕ್ಷಪಾತ ತಪ್ಪೀತು, ಕಿವಿಯದ್ದಲ್ಲ.

ಫಿಫಾ ಮಹಿಳಾ ರ್‍ಯಾಂಕಿಂಗ್ ತವರು ನೆಲದ ಈ ಲಾಭವನ್ನು ಲೆಕ್ಕಕ್ಕೆ ಹಿಡಿದು, ಪಂದ್ಯದ ಫಲ ಅಂದಾಜಿಸುವಾಗ ಆತಿಥೇಯರಿಗೆ 100 ಅಂಕ ಸೇರಿಸಿಕೊಳ್ಳುತ್ತದೆ. ಸಮಬಲದ ತಂಡಗಳಲ್ಲಿ ಆತಿಥೇಯರಿಂದ ನಿರೀಕ್ಷಿಸುವ ಫಲ, ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ, ಆಗ 0.50ರಿಂದ 0.64ಕ್ಕೆ ಏರುತ್ತದೆ. 2018ರಲ್ಲಿ ಬದಲಾದ ಪುರುಷರ ಸೂತ್ರದಲ್ಲಿ ಈ ತಿದ್ದುಪಡಿಯೇ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬೊಲಿವಿಯಾ ಸ್ಯಾಂಟಿಯಾಗೊಗೆ ಹೋಗಿ ಚಿಲಿಯನ್ನು 2–1ರಿಂದ ಸೋಲಿಸಿತು. 1993ರ ನಂತರ ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಹೊರನೆಲದಲ್ಲಿ ಅದಕ್ಕೆ ಸಿಕ್ಕ ಮೊದಲ ಗೆಲುವದು. ಅದೇ ಚಿಲಿಯನ್ನು ಎಲ್ ಆಲ್ಟೊದಲ್ಲಿ ಸೋಲಿಸಿದ್ದರೂ ಪುರುಷರ ಸೂತ್ರದಲ್ಲಿ ಸಿಗುತ್ತಿದ್ದ ಅಂಕ ಅಷ್ಟೇ.