ಕ್ಯಾಶುವಾಲ್ಟಿ ರಿಜಿಸ್ಟರಿನ ಮೂರು ಹೊತ್ತುಗಳು

ಸಣ್ಣ ಆಸ್ಪತ್ರೆಯೊಂದರ ತುರ್ತು ಘಟಕ ಹೇಗಿದೆ ನೋಡಿ ಹೇಳಿ ಎಂದು ಯಾರಾದರೂ ಕರೆದರೆ ನಾನು ಮೊದಲು ಕೇಳುವುದು ರಿಜಿಸ್ಟರನ್ನು. ಕರೆದವರಿಗೆ ಹೊಸ ಮಾನಿಟರು, ಬಣ್ಣ ಬಳಿದ ಗೋಡೆ, ಪರದೆ ಕಟ್ಟಿದ ಮಂಚಗಳನ್ನು ತೋರಿಸುವ ಆಸೆ ಇರುತ್ತದೆ. ಅವನ್ನೂ ನೋಡುತ್ತೇನೆ, ಆದರೆ ಆಮೇಲೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕ್ಯಾಶುವಾಲ್ಟಿಗಳಲ್ಲಿ ವರ್ಷಗಟ್ಟಲೆ ರಾತ್ರಿಪಾಳಿ ಮಾಡಿದ ಮೇಲೆ, ಆ ಉದ್ದನೆಯ ಪುಸ್ತಕದಲ್ಲಿ ನನ್ನ ಕಣ್ಣು ಹುಡುಕುವುದು ಮೂರೇ ಸಂಗತಿ: ರೋಗಿ ಬಂದ ಹೊತ್ತು, ಮೊದಲ ಮುಖ್ಯ ಪರೀಕ್ಷೆ ಅಥವಾ ಔಷಧಿ ಆದ ಹೊತ್ತು, ರೋಗಿ ಹೊರಟ ಹೊತ್ತು.

ಪುಟದ ತುಂಬ 10:00, 10:30, 11:00 ಎಂದೇ ಇದ್ದರೆ ಅದು ಬೆಳಗ್ಗೆ ಪಾಳಿ ಬಿಡುವ ಮುಂಚೆ ಒಟ್ಟಿಗೆ ಕೂತು ತುಂಬಿಸಿದ ಪುಟ. 10:07, 10:13 ಎಂದಿದ್ದರೆ ಯಾರೋ ಆ ಗಳಿಗೆಯಲ್ಲಿ ತಲೆ ಎತ್ತಿ ಗಡಿಯಾರ ನೋಡಿದ್ದಾರೆ. ಗಡಿಯಾರ ನೋಡುವ ಅಭ್ಯಾಸ ಇರುವ ಕಡೆ ಉಳಿದ ಕೆಲಸವೂ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ನನ್ನ ಈ ನಂಬಿಕೆ ಸುಳ್ಳಾದದ್ದು ಕಡಿಮೆ.

ನಮ್ಮ ಕಡೆ ಜನ ದೂರುವುದು ಬೇರೆಯದನ್ನೇ. "ಅಲ್ಲಿಗೆ ಹೋದ್ರೆ ಏನೂ ಮಾಡಲ್ಲ ಸಾರ್, ಚೀಟಿ ಬರೆದು ಮುಂದಕ್ಕೆ ಕಳಿಸ್ತಾರೆ." ಮೂಡಿಗೆರೆಯಲ್ಲೂ ಕೇಳಿದ್ದೇನೆ, ಕೊಪ್ಪದಲ್ಲೂ ಸಕಲೇಶಪುರದಲ್ಲೂ ಕೇಳಿದ್ದೇನೆ. ಈ ಮಾತಿನ ಹಿಂದಿನ ನೋವು ನಿಜ. ಆದರೆ ಮೂವತ್ತು ಹಾಸಿಗೆಯ ಆಸ್ಪತ್ರೆಯಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆ ಆಗದು, ಹೃದಯದ ಮುಚ್ಚಿದ ರಕ್ತನಾಳವನ್ನು ತೆರೆಯುವ ಆಂಜಿಯೋಪ್ಲಾಸ್ಟಿಯೂ ಆಗದು. ಕಳಿಸುವುದು ತಪ್ಪಲ್ಲ. ಏನು ಮಾಡಿ ಕಳಿಸಿದರು, ಎಷ್ಟು ಬೇಗ ಕಳಿಸಿದರು, ಹೇಗೆ ಕಳಿಸಿದರು ಎಂಬುದರ ಮೇಲೆ ಆ ಘಟಕವನ್ನು ತೂಗಬೇಕು.

ಎದೆನೋವನ್ನೇ ತೆಗೆದುಕೊಳ್ಳಿ. 2025ರ ಮಳೆಗಾಲದಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನವೂ ಸುದ್ದಿಯಾದವು. ಸರ್ಕಾರ ಸಮಿತಿ ರಚಿಸಿತು. ಹೆದರಿದ ಜನ ನಸುಕಿನಲ್ಲೇ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಆ ವಾರಗಳಲ್ಲಿ ನನ್ನನ್ನು ಕಂಡವರೆಲ್ಲ "ಯಾಕೆ ಹೀಗೆ" ಎಂದು ಕೇಳಿದರು. ನನಗಿದ್ದ ಚಿಂತೆ ಇನ್ನೊಂದು: ನಿಮ್ಮ ಊರಿಗೆ ಹತ್ತಿರದ ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ಇಸಿಜಿ ಎಷ್ಟು ನಿಮಿಷದಲ್ಲಿ ಆಗುತ್ತದೆ?

ಎದೆನೋವು ಎಂದು ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಹೃದಯದ ದೊಡ್ಡ ರಕ್ತನಾಳ ಮುಚ್ಚಿದೆ ಎಂದು ಕಂಡು, ಆಂಜಿಯೋಪ್ಲಾಸ್ಟಿ ಎರಡು ಗಂಟೆಯ ಒಳಗೆ ಸಿಗುವ ಹಾಗಿಲ್ಲದಿದ್ದರೆ, ರಕ್ತಸ್ರಾವದ ಅಪಾಯ ಇಲ್ಲವೆಂದು ಖಚಿತ ಮಾಡಿಕೊಂಡು ಅರ್ಧ ಗಂಟೆಯೊಳಗೆ ಹೆಪ್ಪು ಕರಗಿಸುವ ಔಷಧಿ ಕೊಡಬೇಕು. ಟೆನೆಕ್ಟೆಪ್ಲೇಸ್ ಆದರೆ ದೇಹದ ತೂಕ ನೋಡಿ ಒಂದೇ ಇಂಜೆಕ್ಷನ್, ಕೆಲವು ಸೆಕೆಂಡಿನ ಕೆಲಸ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯ ತಿರುಳೂ ಇದೇ: ಸಣ್ಣ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೂರದ ಹೃದಯತಜ್ಞರಿಂದ ಓದಿಸಿ, ಇಂಜೆಕ್ಷನ್ನನ್ನು ಅಲ್ಲೇ ಕೊಡುವುದು.

ಹಾಗಿದ್ದೂ ರಿಜಿಸ್ಟರಿನಲ್ಲಿ ಬಂದದ್ದು 10:10, ಇಸಿಜಿ 10:50 ಎಂದಿರುತ್ತದೆ. ಆ ನಲವತ್ತು ನಿಮಿಷ ಎಲ್ಲಿ ಹೋಯಿತು ಎಂದು ನಾನು ರೋಗಿ ನಡೆದ ದಾರಿಯಲ್ಲೇ ನಡೆದು ನೋಡುತ್ತೇನೆ. ಹೆಚ್ಚಿನ ಸಲ ವೈದ್ಯರ ಸೋಮಾರಿತನ ಅಲ್ಲಿ ಸಿಗುವುದಿಲ್ಲ. ಕೌಂಟರಿನಲ್ಲಿ ಚೀಟಿ ಮಾಡಿಸಿಯೇ ಒಳಗೆ ಬರಬೇಕೆಂಬ ನಿಯಮ ಸಿಗುತ್ತದೆ. ಇಸಿಜಿ ಯಂತ್ರ ಮೇಲಿನ ಮಹಡಿಯಲ್ಲಿದ್ದು, ಕೋಣೆಯ ಬೀಗದ ಕೈ ಟೆಕ್ನೀಷಿಯನ್ ಜೇಬಿನಲ್ಲಿದ್ದು, ಅವರು ಸಂಜೆ ಆರಕ್ಕೆ ಮನೆಗೆ ಹೋಗಿರುತ್ತಾರೆ. ಯಂತ್ರ ಪಕ್ಕದಲ್ಲೇ ಇದ್ದರೂ ಕಾಗದದ ರೋಲು ಮುಗಿದಿರುತ್ತದೆ. ಯಂತ್ರವನ್ನು ಕೆಳಗಿಳಿಸಿ, ರಾತ್ರಿಪಾಳಿಯ ಪ್ರತಿ ಸಿಸ್ಟರ್‌ಗೂ ರೋಗಿಯ ಮೈಗೆ ಅದರ ಲೀಡ್ (ತಂತಿ) ಹಚ್ಚುವುದನ್ನು ಕಲಿಸಿದರೆ ಈ ನಲವತ್ತು ನಿಮಿಷ ಎಂಟಕ್ಕೆ ಇಳಿಯುತ್ತದೆ. ಖರ್ಚು ಏನೂ ಇಲ್ಲ.

ಇನ್ನೊಂದು ಮಾತನ್ನು ಸ್ವಲ್ಪ ಸಿಟ್ಟಿನಿಂದಲೇ ಹೇಳಬೇಕಾಗಿದೆ. ನಮ್ಮಲ್ಲಿ "ಗ್ಯಾಸ್ಟ್ರಿಕ್" ಎಂಬ ಪದ ಎಷ್ಟೋ ಜೀವ ತೆಗೆದಿದೆ. ರೋಗಿಯೇ ಅದನ್ನು ಬಾಯಲ್ಲಿಟ್ಟುಕೊಂಡು ಬರುತ್ತಾರೆ, ದಣಿದ ವೈದ್ಯರು ಒಪ್ಪಿಬಿಡುತ್ತಾರೆ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ಹೃದಯದ ನೋವು ಹೊಟ್ಟೆಯುರಿಯಂತೆಯೋ ಬರೀ ಸುಸ್ತಿನಂತೆಯೋ ಬರುವುದುಂಟು. ಆ್ಯಸಿಡಿಟಿ ಇಂಜೆಕ್ಷನ್ ಬರೆದ ಸಾಲಿನಲ್ಲಿ, ನಲವತ್ತು ದಾಟಿದ ರೋಗಿಗೆ, ಇಸಿಜಿ ಎಂಬ ಪದ ಕಾಣದಿದ್ದರೆ ನಾನು ಪೆನ್ಸಿಲಿನಲ್ಲಿ ಗುರುತು ಹಾಕುತ್ತೇನೆ. ಮೊದಲ ಇಸಿಜಿ ಸರಿಯಿದ್ದು ನೋವು ನಿಲ್ಲದಿದ್ದಾಗ ಇನ್ನೊಮ್ಮೆ ತೆಗೆದರೇ ಎಂದೂ ನೋಡುತ್ತೇನೆ.

ಎದೆನೋವು ಬಿಟ್ಟರೆ ನಾನು ಕೇಳುವುದು ಗಾಜಿನ ನಳಿಕೆಯನ್ನು. ಹಾವು ಕಚ್ಚಿದವರ ಎರಡು ಎಂ.ಎಲ್. ರಕ್ತವನ್ನು ಒಣಗಿದ, ಶುಭ್ರವಾದ ಗಾಜಿನ ನಳಿಕೆಯಲ್ಲಿ ಅಲುಗಾಡಿಸದೆ ಇಪ್ಪತ್ತು ನಿಮಿಷ ಇಟ್ಟು, ಆಮೇಲೆ ವಾಲಿಸಿ ನೋಡಬೇಕು. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ಹಾವಿನ ವಿಷ ಒಳಗಿಳಿದಿದೆ ಎಂದರ್ಥ. ಇಷ್ಟು ಸುಲಭದ ಪರೀಕ್ಷೆ ಎರಡು ಕಾರಣಕ್ಕೆ ಕೆಡುತ್ತದೆ. ಪ್ಲಾಸ್ಟಿಕ್ ನಳಿಕೆಯಲ್ಲಿ ಮಾಡಿದರೆ ಫಲಿತಾಂಶ ನಂಬುವಂತಿಲ್ಲ. ಸೋಪಿನ ಪುಡಿ ಹಾಕಿ ತೊಳೆದ ಗಾಜಿನಲ್ಲಿ ಮಾಡಿದರೆ ಸರಿಯಿರುವ ರಕ್ತವೂ ಹೆಪ್ಪುಗಟ್ಟದೇ ಉಳಿಯಬಹುದು. ಫ್ರಿಜ್ಜಿನಲ್ಲಿ ವಿಷನಿರೋಧಕದ ವಯಲ್‌ಗಳು ಜೋಡಿಸಿಟ್ಟಂತೆ ಇದ್ದು, ಒಂದೂ ಒಣಗಿದ ಗಾಜಿನ ನಳಿಕೆ ಇಲ್ಲದ ಕ್ಯಾಶುವಾಲ್ಟಿಗಳನ್ನು ನಾನು ಕಂಡಿದ್ದೇನೆ.

ವಯಲ್‌ಗಳನ್ನೂ ಎಣಿಸುತ್ತೇನೆ. ವಿಷವೇರಿದ ಲಕ್ಷಣ ಇದ್ದವರಿಗೆ ಮೊದಲ ಸುತ್ತಿಗೇ ಎಂಟರಿಂದ ಹತ್ತು ಬೇಕು, ಮಗುವಾದರೂ ಅಷ್ಟೇ, ಏಕೆಂದರೆ ಹಾವು ಮಗುವಿಗೆಂದು ವಿಷ ಕಡಿಮೆ ಬಿಡುವುದಿಲ್ಲ. ನಾಲ್ಕು ವಯಲ್ ಇಟ್ಟುಕೊಂಡ ಆಸ್ಪತ್ರೆ ಇಟ್ಟುಕೊಂಡಿಲ್ಲದಂತೆಯೇ. ಜೊತೆಗೆ ಅಡ್ರಿನಲಿನ್ ಸಿರಿಂಜಿಗೆ ಎಳೆದಿಟ್ಟಿದ್ದಾರೆಯೇ ನೋಡಬೇಕು. ವಿಷನಿರೋಧಕವೇ ಕೆಲವರಿಗೆ ಒಗ್ಗದೆ ಬಿಪಿ ಕುಸಿಯುತ್ತದೆ, ಆಗ ಬೇಕಾಗುವುದು ಅಡ್ರಿನಲಿನ್. ನಮ್ಮಲ್ಲಿ ಸಿಗುವ ವಿಷನಿರೋಧಕ ತಯಾರಾಗಿರುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷದ ವಿರುದ್ಧ. ಕಾಫಿ, ಏಲಕ್ಕಿ ತೋಟಗಳ ಗುಳಿಮಂಡಲಗಳು ಆ ಪಟ್ಟಿಯಲ್ಲಿಲ್ಲ ಎಂಬುದು ಮಲೆನಾಡಿನ ಡ್ಯೂಟಿ ಡಾಕ್ಟರಿಗೆ ಗೊತ್ತಿರಲೇಬೇಕು. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯ. ಹಾಗಾಗಿ ಈ ಸಾಲುಗಳಾದರೂ ಈಗ ಸ್ವಲ್ಪ ಪೂರ್ತಿಯಾಗಿ ತುಂಬುತ್ತಿವೆ.

ಕಟ್ಟುಹಾವಿನ ಮಾತು ಬಂದಾಗ ನನಗೆ ಒಂದು ಬೆಳಗು ನೆನಪಾಗುತ್ತದೆ. ಆಗ ನಾನು ಹಾಸನ ಜಿಲ್ಲೆಯ ಬಯಲುಸೀಮೆಯ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದೆ. ನಸುಕಿನಲ್ಲಿ ಹೊಟ್ಟೆನೋವೆಂದು ಒಬ್ಬ ಹೆಣ್ಣುಮಗಳು ಬಂದರು. ಹಿಂದಿನ ರಾತ್ರಿ ನೆಲದ ಮೇಲೆ ಮಲಗಿದ್ದರು. ಗಾಯವಿಲ್ಲ, ಊತವಿಲ್ಲ, ಜ್ವರವಿಲ್ಲ. ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದೆ. ಮೂರು ಗಂಟೆಯ ನಂತರ ಮತ್ತೆ ಕರೆತಂದಾಗ ರೆಪ್ಪೆಗಳು ಎತ್ತಲಾಗದೆ ಜೋತುಬಿದ್ದಿದ್ದವು, ಎಂಜಲು ನುಂಗಲಾಗುತ್ತಿರಲಿಲ್ಲ. ಕಟ್ಟುಹಾವು ನಿದ್ದೆಯಲ್ಲಿದ್ದವರನ್ನು ಕಚ್ಚುತ್ತದೆ, ಹಲ್ಲಿನ ಗುರುತೂ ಕಾಣದಿರಬಹುದು, ಹೊಟ್ಟೆನೋವೇ ಮೊದಲ ಲಕ್ಷಣ ಆಗಬಹುದು. ಓದಿದ್ದೆ, ಆದರೆ ಆ ಬೆಳಗ್ಗೆ ಹೊಳೆಯಲಿಲ್ಲ. ವಿಷನಿರೋಧಕದ ಡ್ರಿಪ್ ಹಚ್ಚಿ, ಗಂಟಲಿಗೆ ನಳಿಕೆ ಹಾಕಿ, ಹಾಸನ ಮುಟ್ಟುವ ತನಕ ಒಂದು ಗಂಟೆ, ಕೈಯಿಂದ ಉಸಿರು ಕೊಡುವ ಅಂಬು ಬ್ಯಾಗ್ ಒತ್ತುತ್ತಾ ಹೋದೆ. ಅವರು ಬದುಕಿದರು. ಆ ದಿನದ ರಿಜಿಸ್ಟರಿನಲ್ಲಿ ಒಂದೇ ಹೆಸರು ಎರಡು ಸಲ ಇತ್ತು, ಆದರೆ ಯಾರೂ ಅದನ್ನು ಕೇಳಲಿಲ್ಲ.

ಈಗ ನಾನು ಕೇಳುತ್ತೇನೆ. 72 ಗಂಟೆಯೊಳಗೆ ಅದೇ ತೊಂದರೆಗೆ ಮರಳಿ ಬಂದವರ ಹೆಸರನ್ನೆಲ್ಲ ತಿಂಗಳಿಗೊಮ್ಮೆ ಬೇರೆ ಹಾಳೆಯಲ್ಲಿ ಬರೆದು, ವೈದ್ಯರೂ ಸಿಸ್ಟರ್‌ಗಳೂ ಬಾಗಿಲು ಹಾಕಿಕೊಂಡು ಮಾತಾಡಬೇಕು. ಯಾರನ್ನೂ ಬೈಯುವುದಕ್ಕಲ್ಲ. ಬೈಗುಳ ಶುರುವಾದ ತಿಂಗಳಿನಿಂದಲೇ ಆ ಹಾಳೆಯಲ್ಲಿ ಹೆಸರುಗಳು ಮಾಯವಾಗುತ್ತವೆ.

ಸಾವಿನ ಲೆಕ್ಕವನ್ನು ನಾನು ನಂಬುವುದು ಕಡಿಮೆ. ಬಂದವರನ್ನೆಲ್ಲ ಬಾಗಿಲಿನಿಂದಲೇ ಮುಂದಕ್ಕೆ ಅಟ್ಟುವ ಆಸ್ಪತ್ರೆಯಲ್ಲಿ ಸಾವು ಸೊನ್ನೆ; ಅವು ಚಾರ್ಮಾಡಿಯ ತಿರುವಿನಲ್ಲೋ ಶಿರಾಡಿಯ ಟ್ರಾಫಿಕ್ಕಿನಲ್ಲೋ ಆಗಿರುತ್ತವೆ. ಒಳಗೆ ಕರೆದು ಒದ್ದಾಡಿದ ಆಸ್ಪತ್ರೆಯ ಪುಸ್ತಕದಲ್ಲಿ ಸಾವುಗಳು ಹೆಚ್ಚು ಕಾಣುತ್ತವೆ. ಬೈರೂತಿನಲ್ಲಿ ಹುಟ್ಟಿದ ವೈದ್ಯ ಅವೇದಿಸ್ ಡೊನಬೇಡಿಯನ್ 1966ರಲ್ಲೇ ಇದನ್ನು ಬಿಡಿಸಿಟ್ಟಿದ್ದರು: ಆಸ್ಪತ್ರೆಯಲ್ಲಿ ಏನಿದೆ, ಅಲ್ಲಿ ಏನು ಮಾಡಿದರು, ಕೊನೆಗೆ ಏನಾಯಿತು, ಈ ಮೂರನ್ನೂ ನೋಡಬೇಕು ಎಂದು. ನಮ್ಮ ತಪಾಸಣೆಗಳು ಏನಿದೆ ಎಂಬಲ್ಲೇ ಮುಗಿದುಹೋಗುತ್ತವೆ, ಏಕೆಂದರೆ ಮಂಚ ಎಣಿಸುವುದು ಸುಲಭ.

ಕಳಿಸುವ ರೀತಿಗೆ ಬರೋಣ. ಆಂಬುಲೆನ್ಸಿನ ಆಮ್ಲಜನಕದ ಲೆಕ್ಕವನ್ನು ನಾನು ಎಲ್ಲರ ಮುಂದೆಯೇ ಮಾಡಿಸುತ್ತೇನೆ. ಚಿಕ್ಕ ಬಿ ಟೈಪ್ ಸಿಲಿಂಡರ್ ತುಂಬಿದ್ದರೆ ಸುಮಾರು 1500 ಲೀಟರ್. ನಿಮಿಷಕ್ಕೆ ಹತ್ತು ಲೀಟರ್ ಬಿಟ್ಟರೆ 150 ನಿಮಿಷ, ಅಂದರೆ ಎರಡೂವರೆ ಗಂಟೆ. ಮಳೆಗಾಲದ ಮಂಜಿನಲ್ಲಿ ಮೂಡಿಗೆರೆಯಿಂದ ಘಾಟಿ ಇಳಿದು ಮಂಗಳೂರು ಮುಟ್ಟಲು ಅದಕ್ಕಿಂತ ಹೆಚ್ಚು ಹಿಡಿಯಬಹುದು. ಅರ್ಧ ಖಾಲಿಯಾದ ಸಿಲಿಂಡರ್ ಆದರೆ ಬೆಳ್ತಂಗಡಿಯ ಹತ್ತಿರವೇ ಮುಗಿದೀತು. ಈ ಗುಣಾಕಾರ, ಭಾಗಾಕಾರ ಹೊರಡುವ ಮುಂಚೆ ಆಗಬೇಕು.

ರೆಫರಲ್ ಪತ್ರದಲ್ಲಿ "ಹೆಚ್ಚಿನ ಚಿಕಿತ್ಸೆಗಾಗಿ" ಎಂಬ ಎರಡು ಪದ ಮಾತ್ರ ಇದ್ದರೆ ಅದು ಪತ್ರವಲ್ಲ. ಯಾವ ಔಷಧಿ, ಎಷ್ಟು, ಯಾವ ನಿಮಿಷಕ್ಕೆ, ಹೊರಡುವಾಗ ಬಿಪಿ, ನಾಡಿ ಎಷ್ಟು, ಆ ಕಡೆಯ ಯಾರಿಗೆ ಫೋನ್ ಮಾಡಿದೆವು ಎಂದಿರಬೇಕು. ಕೀಟನಾಶಕ ಕುಡಿದವರಿಗೆ ಆ ವಿಷಕ್ಕೆ ಕೊಡುವ ಅಟ್ರೋಪಿನ್ ಎಷ್ಟು ಹೋಗಿದೆ ಎಂದು ಬರೆಯದಿದ್ದರೆ ಮುಂದಿನ ವೈದ್ಯರು ಕತ್ತಲಲ್ಲಿ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಅಪಘಾತವಾದರೆ ಪೊಲೀಸರು ಬರಲಿ ಎಂದು ಕಾಯುವ ಆಸ್ಪತ್ರೆಗಳು ಇನ್ನೂ ಇವೆ. ಜೀವ ಮೊದಲು, ಕಾಗದ ಆಮೇಲೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1989ರಲ್ಲಿ, ಪರಮಾನಂದ ಕಟಾರಾ ಪ್ರಕರಣದಲ್ಲಿ.

ರೋಗಿಯ ಕಡೆಯವರೂ ಇದರಲ್ಲಿ ಒಂದಿಷ್ಟು ನೋಡಬಹುದು. ಬಂದ ಐದು ನಿಮಿಷದಲ್ಲಿ ಯಾರಾದರೂ ರೋಗಿಯ ಕೈ ಹಿಡಿದು ನಾಡಿ ನೋಡಿದರೇ? ಇಸಿಜಿಯ ಪ್ರತಿ ಕೇಳಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಪತ್ರದಲ್ಲಿ ಸಮಯ ಬರೆದಿಲ್ಲವಾದರೆ ಬರೆಯಿಸಿ. ಆದರೆ ದಯವಿಟ್ಟು ಕೈ ಎತ್ತಬೇಡಿ. ರಾತ್ರಿ ಒಬ್ಬ ಡಾಕ್ಟರು, ಒಬ್ಬ ಸಿಸ್ಟರು ಒಳಗಿನ ವಾರ್ಡನ್ನೂ ಹೆರಿಗೆಯನ್ನೂ ನೋಡುತ್ತಿರುತ್ತಾರೆ. ಒಮ್ಮೆ ಹೊಡೆತ ತಿಂದ ಹುಡುಗ ಡಾಕ್ಟರು ಮುಂದಿನ ಸಲ ರೋಗಿಯನ್ನು ಮುಟ್ಟುವ ಮೊದಲೇ ರೆಫರ್ ಬರೆಯುತ್ತಾನೆ, ಅದರ ಬೆಲೆ ತೆರುವುದು ಇನ್ಯಾರದೋ ಮನೆ.

ಕಳೆದ ಸಲ ಘಟ್ಟದ ಅಂಚಿನ ಒಂದು ಸಣ್ಣ ಆಸ್ಪತ್ರೆಗೆ ಹೋಗಿದ್ದೆ. ಸುಣ್ಣ ಉದುರಿದ ಗೋಡೆ, ಮಳೆಗೆ ಸೋರುವ ವರಾಂಡ. ಇಸಿಜಿ ಯಂತ್ರ ಬಾಗಿಲ ಪಕ್ಕದ ಸ್ಟೂಲಿನ ಮೇಲಿತ್ತು, ಗಾಜಿನ ನಳಿಕೆಗಳು ಹತ್ತಿ ತುಂಬಿದ ಡಬ್ಬದಲ್ಲಿದ್ದವು. ರಿಜಿಸ್ಟರಿನ ಒಂದು ಸಾಲನ್ನು ಎರಡು ಸಲ ಓದಿದೆ: ಬಂದದ್ದು 2:07. ಇಸಿಜಿ 2:13. ಫೋನಿನಲ್ಲಿ ಕಳಿಸಿದ್ದು 2:16. ಇಂಜೆಕ್ಷನ್ 2:31. ಆಂಬುಲೆನ್ಸ್ 3:05. ಅದರ ಕೆಳಗೆ, ಬೇರೆ ಶಾಯಿಯಲ್ಲಿ, ಬೇರೆ ಕೈಬರಹದಲ್ಲಿ: ಮರುದಿನ 11:20ಕ್ಕೆ ಮನೆಯವರಿಗೆ ಫೋನ್ ಮಾಡಿದೆ, ರೋಗಿ ಮಾತಾಡಿದರು.