ಅರ ಜಾರಿದ ಮಾತ್ರಕ್ಕೆ ಚಾಕು ಮುಗಿಯಲಿಲ್ಲ

ಬಳ್ಳಾರಿಯಲ್ಲಿ ಹೀಟ್ ಟ್ರೀಟ್‌ಮೆಂಟ್ (ಉಕ್ಕನ್ನು ಕಾಯಿಸಿ, ತಣಿಸಿ ಹದಗೊಳಿಸುವ) ಕುಲುಮೆ ನಡೆಸುವ ನನ್ನಲ್ಲಿಗೆ, ಮನೆಯಲ್ಲೇ ಚಾಕು ತಯಾರಿಸುವ ಹವ್ಯಾಸಿಗಳು ಆಗಾಗ ಬರುತ್ತಾರೆ. ಅದಿರಿನ ಲಾರಿಗಳು ಓಡಾಡುವ ಸೀಮೆಯಾದ್ದರಿಂದ ಗುಜರಿಯಲ್ಲಿ ಸ್ಪ್ರಿಂಗ್ ಪ್ಲೇಟುಗಳಿಗೆ ಕೊರತೆಯಿಲ್ಲ. ಅವೂ, ಒಳ್ಳೆಯ ಹಳೆಯ ಅರಗಳೂ ಚಾಕುವಿಗೆ ಒದಗುತ್ತವೆ. ಟಿಎಂಟಿ ಸರಳು ಒದಗುವುದಿಲ್ಲ. ಅದರಲ್ಲಿ ಇಂಗಾಲ ಸಾಮಾನ್ಯವಾಗಿ ಶೇ. 0.3ರ ಒಳಗೇ ಇರುತ್ತದೆ, ಅಲಗು ಗಡಸಾಗಲು ಅಷ್ಟು ಸಾಲದು.

ನನ್ನ ತಾಳ್ಮೆ ಕೆಡಿಸುವುದು ಉಕ್ಕಿನ ಆಯ್ಕೆಯಲ್ಲ. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದ ಅಲಗಿನ ಮೇಲೆ ಅರ ಕಚ್ಚದೆ ಜಾರಿದೊಡನೆ, ಉಕ್ಕು ಗಡಸಾಯಿತು, ಕೆಲಸ ಮುಗಿಯಿತೆಂದು ಹಿಡಿ ಕೂರಿಸಿಬಿಡುತ್ತಾರೆ. ಗಂಗಾವತಿ ಕಡೆಯ ಯುವಕನೊಬ್ಬ ಇಂಥದೇ ಚಾಕುವಿನ ಎರಡು ತುಂಡುಗಳನ್ನು ತಂದಿದ್ದ. ತೆಂಗಿನಕಾಯಿಗೆ ಹೊಡೆದದ್ದಲ್ಲ, ಅಡುಗೆಮನೆಯ ಕಲ್ಲುಹಾಸಿನ ಮೇಲೆ ಕೈಜಾರಿ ಬಿದ್ದದ್ದು. ಟೆಂಪರ್ ಮಾಡಿದ್ದೆಯಾ, ಅಂದರೆ ತಣಿಸಿದ ಮೇಲೆ ಹದವಾದ ಶಾಖದಲ್ಲಿ ಮತ್ತೊಮ್ಮೆ ಕಾಯಿಸಿದ್ದೆಯಾ ಎಂದು ಕೇಳಿದರೆ, “ಮತ್ತ್ಯಾಕ್ ಕಾಸೋದ್ರೀ ಸರ್, ಗಟ್ಟಿತನ ಹೋಗೂದಿಲ್ಲೇನ್ರೀ?” ಎಂದ. ತಿದ್ದಿ ತಿದ್ದಿ ಉಜ್ಜಿದ ಅಲಗು ಬಹಳ ಚೆನ್ನಾಗಿತ್ತು, ಬೈಯಲು ಮನಸ್ಸಾಗಲಿಲ್ಲ.

ಅವನ ಅಂಜಿಕೆ ಪೂರ್ತಿ ಸುಳ್ಳಲ್ಲ, ಪ್ರಮಾಣ ಮಾತ್ರ ತಪ್ಪು. ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಬ್ಬಿಣದೊಳಗೆ ಕರಗಿದ ಇಂಗಾಲಕ್ಕೆ, ಥಟ್ಟನೆ ತಣಿಸಿದಾಗ ಹೊರಬರಲು ವೇಳೆ ಸಿಗದೆ, ಅದು ಅಲ್ಲೇ ಸಿಕ್ಕಿಕೊಂಡು ಹರಳಿನ ಜಾಲವನ್ನು ಬಿಗಿದು ಹಿಡಿಯುತ್ತದೆ. ಗಡಸುತನ ಬರುವುದೂ, ಗಾಜಿನಂತೆ ಒಡೆಯುವ ಗುಣ ಬರುವುದೂ ಈ ಒಂದೇ ಬಿಗಿತದಿಂದ. 200 ಡಿಗ್ರಿಯ ಆಸುಪಾಸಿನಲ್ಲಿ ಮತ್ತೆ ಕಾಯಿಸಿದಾಗ ಇಂಗಾಲದ ಸ್ವಲ್ಪ ಭಾಗ ಅತಿಸೂಕ್ಷ್ಮ ಕಣಗಳಾಗಿ ಬೇರ್ಪಟ್ಟು ಬಿಗಿತ ತುಸು ಸಡಿಲವಾಗುತ್ತದೆ. ಶೇ. 0.8ರಷ್ಟು ಇಂಗಾಲವಿರುವ ಉಕ್ಕು, ಗಡಸುತನ ಅಳೆಯುವ ರಾಕ್‌ವೆಲ್ ಸಿ ಮಾಪನದಲ್ಲಿ 64–65ರಿಂದ 60ರ ಸುಮಾರಿಗೆ ಇಳಿಯಬಹುದು. ಕಳೆದುಕೊಳ್ಳುವುದು ಅಷ್ಟೇ, ಅದಕ್ಕೆ ಪ್ರತಿಯಾಗಿ ಅಲಗಿಗೆ ಪೆಟ್ಟು ತಾಳುವ ಶಕ್ತಿ ಬರುತ್ತದೆ. ಗಡಸುತನ ಪೂರ್ತಿ ಅಳಿಯಬೇಕಾದರೆ ಉಕ್ಕು ಮತ್ತೆ ಕೆಂಪಾಗುವ ಮಟ್ಟದ ಶಾಖ ಬೇಕು.

ವಿಚಿತ್ರವೆಂದರೆ, 200 ಡಿಗ್ರಿಗೆ ಹೆದರುವ ಇವರೇ ಆಮೇಲೆ ಗ್ರೈಂಡರ್‌ಗೆ ಒತ್ತಿ ಹಿಡಿದು ಅಂಚನ್ನು ನೀಲಿಗಟ್ಟಿಸುತ್ತಾರೆ. ಆ ನೀಲಿ ಎಂದರೆ 300 ಡಿಗ್ರಿಯ ಸುಮಾರು. ಮೆತ್ತಗಾಗುವುದು ಬೇರೆಲ್ಲೂ ಅಲ್ಲ, ಕತ್ತರಿಸುವ ಅಂಚಿನಲ್ಲೇ.

ತಣಿಸಿದ ಅಲಗನ್ನು ನಾಳೆಗೆಂದು ಇಡಬೇಡಿ. ಒಳಗಿನ ಒತ್ತಡದಿಂದ ಅದು ಗಂಟೆಗಳ ನಂತರವೂ ಸೀಳಬಹುದು. ಕೈಯಲ್ಲಿ ಹಿಡಿಯುವಷ್ಟು ಆರಿದೊಡನೆ ಓವನ್‌ನಲ್ಲಿಟ್ಟು, 200 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿ, ಆರಲು ಬಿಟ್ಟು, ಇನ್ನೊಮ್ಮೆ ಹಾಗೆಯೇ ಮಾಡಿ. ಮನೆಯ ಓವನ್‌ನ ಗುಂಡಿಯ ಮೇಲಿನ ಅಂಕಿಯನ್ನು ನಂಬದೆ ಒಳಗೊಂದು ಥರ್ಮಾಮೀಟರ್ ಇಡಿ. ಉಜ್ಜಿ ಹೊಳಪಿಸಿದ ಮೈ ತಿಳಿ ಒಣಹುಲ್ಲಿನ ಬಣ್ಣಕ್ಕೆ ತಿರುಗುವುದು ಒಂದು ಗುರುತು. ಆದರೆ ಕಾಯಿಸಿದ ಅವಧಿಗೆ ತಕ್ಕಂತೆ ಬಣ್ಣ ಬದಲಾಗುವುದರಿಂದ ಅದೊಂದನ್ನೇ ಆಧರಿಸುವುದು ಸರಿಯಲ್ಲ. ಗುಜರಿ ಉಕ್ಕಿನ ಜಾತಿ ಖಚಿತವಾಗಿ ತಿಳಿದಿರುವುದಿಲ್ಲವಾದ್ದರಿಂದ, ಅದೇ ಪಟ್ಟಿಯ ತುಂಡೊಂದನ್ನು ಮೊದಲು ಹೀಗೆಯೇ ಮಾಡಿ, ಕಣ್ಣಿಗೆ ರಕ್ಷಣೆಯ ಕನ್ನಡಕ ಧರಿಸಿ, ವೈಸ್‌ನಲ್ಲಿ ಹಿಡಿದು ಮುರಿದು ನೋಡಿ.

ಸಂಜೆಯ ಬಸ್ಸಿಗೆ ಹೊತ್ತಾಯಿತು, ತಣಿಸಿಕೊಟ್ಟರೆ ಸಾಕು ಎನ್ನುವವರಿಗೆ ನಾನು ಅಲಗನ್ನು ಕುಲುಮೆಗೇ ಹಾಕದೆ ಮರಳಿಸುತ್ತೇನೆ.